ಬೇಸಿಗೆಯ ಹೊಲ, ಬೆಳೆ ಮತ್ತು ಬೆವರು

ಹೈದರಾಬಾದು ಮಹಾನಗರದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಬೀದರ, ಕಲಬುರಗಿ, ರಾಯಚೂರು ಭಾಗಗಳಿಂದ ಬಂದವರ ಸಂಖ್ಯೆ ಅಧಿಕವೆಂಬುದು ಸರ್ವವಿದಿತ. 1956ರ ನವೆಂಬರ್ 1ರವರೆಗೆ ಈ ಜಿಲ್ಲೆಗಳು ಹೈದರಾಬಾದ್ ರಾಜ್ಯದ ಅಂಗಗಳೇ ಆಗಿದ್ದವು. ರಾಜ್ಯಗಳು ಪುನರ್ವಿಂಗಡಣೆಯಾದ ಮೇಲೂ ಬಳಕೆಯ ದಾರಿ ಅಳಿಯಲಿಲ್ಲ. 2019ರಲ್ಲಿ ಆ ಸೀಮೆಗೆ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದಿತು. ಉದ್ಯೋಗಕ್ಕಾಗಿ, ವಿದ್ಯೆಗಾಗಿ ಅಲ್ಲಿಂದ ಇಲ್ಲಿಗೆ ಬರುವವರ ಸಾಲು ಮಾತ್ರ ಹಾಗೆಯೇ ಇದೆ. ಅಮೀರ್‌ಪೇಟ್‌ನ ಕಂಪ್ಯೂಟರ್ ತರಬೇತಿ ಕೇಂದ್ರಗಳಿಗೆ ಬರುವ ತರುಣನೂ, ಅದೇ ಬೀದಿಯ ಮಾಳಿಗೆಯ ಮನೆಯಲ್ಲಿ ಮೂವತ್ತು ವರ್ಷ ಸಂಸಾರ ಮಾಡಿದ ಗೃಹಸ್ಥನೂ ಬೇಸಿಗೆ ಬಂದೊಡನೆ ಊರ ಕಡೆಗೆ ಮುಖ ಮಾಡುತ್ತಾರೆ. ಜಾತ್ರೆ, ಮದುವೆ, ಮಕ್ಕಳ ರಜೆ ಇವು ನೆಪಗಳು. ಹಿರಿಯರ ಹೊಲವೊಂದು ಅಲ್ಲಿ ಕಾದಿರುತ್ತದೆ ಎಂಬುದೇ ನಿಜವಾದ ಕಾರಣ.

ಆದರೆ ಊರಿಗೆ ಹೋದವರೆಲ್ಲರೂ ಸುಖವಾಗಿ ಮರಳುವುದಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಈ ಸೀಮೆಯ ಉಷ್ಣಾಂಶ 40 ಡಿಗ್ರಿ ಸೆಲ್ಷಿಯಸ್ ದಾಟುವುದು ಸಾಮಾನ್ಯ. 2015ರ ಮೇ ತಿಂಗಳಿನ ಬಿಸಿಗಾಳಿಗೆ ಆಂಧ್ರಪ್ರದೇಶ ಮತ್ತು ತೆಲಂಗಾಣಗಳೆರಡರಲ್ಲಿ ಸೇರಿ ಎರಡು ಸಾವಿರಕ್ಕೂ ಹೆಚ್ಚು ಜನರು ಬಲಿಯಾದರು. ಅವರಲ್ಲಿ ಬಹುಮಂದಿ ಬಯಲಿನಲ್ಲಿ ದುಡಿಯುವವರು ಹಾಗೂ ವೃದ್ಧರು. ಆದ್ದರಿಂದ ಬೇಸಿಗೆಯ ಹೊಲದ ಬದುಕು ಹೇಗೆ ನಡೆಯುತ್ತದೆ, ಬೆಳೆಯೂ ಬೆಳೆಗಾರನೂ ಬಿಸಿಲನ್ನು ಹೇಗೆ ತಾಳಿಕೊಳ್ಳುತ್ತಾರೆ, ಆ ರೂಢಿ ತಪ್ಪಿದ ನಗರವಾಸಿ ಏನನ್ನು ತಿಳಿದಿರಬೇಕು ಎಂಬುದನ್ನು ವಿಚಾರಿಸುವುದು ಉಚಿತವಾಗಿದೆ.

ಬೇಸಿಗೆ ಬಿಡುವಿನ ಕಾಲವಲ್ಲ

ಪಟ್ಟಣದ ಕಣ್ಣಿಗೆ ಬೇಸಿಗೆಯ ಎರೆಹೊಲ ಬರಿದಾಗಿ ಕಾಣುತ್ತದೆ. ಹಿಂಗಾರಿನ ಬಿಳಿಜೋಳ, ಕಡಲೆ, ಕುಸುಬೆಗಳು ಫೆಬ್ರುವರಿ, ಮಾರ್ಚಿಯಲ್ಲಿಯೇ ಕಣ ಸೇರಿರುತ್ತವೆ. ಕಣಿಕೆಯ ಬಣವೆ ಎದ್ದಿರುತ್ತದೆ. ನೆಲ ಬಿರುಕು ಬಿಟ್ಟು ಬಾಯಿ ತೆರೆದಿರುತ್ತದೆ. ಆದರೆ ಒಕ್ಕಲಿಗನಿಗೆ ಇದು ಮುಂದಿನ ವರ್ಷದ ತಳಹದಿಯನ್ನು ಹಾಕುವ ಕಾಲ. ಈ ಅವಧಿಯಲ್ಲಿ ಮಾಡುವ ಆಳವಾದ ಉಳುಮೆಗೆ ಮಾಗಿ ಉಳುಮೆಯೆಂದು ಹೆಸರು. ಮಗುಚಿದ ಹೆಂಟೆಗಳು ಬಿಸಿಲಿಗೆ ಕಾದಾಗ ಕರಿಕೆ, ಜೇಕು ಮೊದಲಾದ ಕಳೆಗಳ ಬೇರುಗಳು ಒಣಗುತ್ತವೆ. ಮಣ್ಣಿನೊಳಗೆ ಅಡಗಿದ್ದ ಕೀಟಗಳ ಕೋಶಗಳು ಮೇಲಕ್ಕೆ ಬಂದು ಬಿಸಿಲಿಗೂ ಹಕ್ಕಿಗಳಿಗೂ ಆಹುತಿಯಾಗುತ್ತವೆ. ಮುಂಗಾರಿಗೆ ಮೊದಲು ಬೀಳುವ ಅಡ್ಡಮಳೆಯ ನೀರು ಹರಿದು ಹೋಗದೆ ಭೂಮಿಯೊಳಗೆ ಇಂಗುತ್ತದೆ. ಹೀಗೆ ಬಿಸಿಲೇ ಕಾಸಿಲ್ಲದ ಔಷಧಿಯಾಗುತ್ತದೆ.

ಇದರ ಜೊತೆಗೆ ಬದುಗಳನ್ನು ಸರಿಪಡಿಸುವುದು, ತಿಪ್ಪೆಯ ಗೊಬ್ಬರವನ್ನು ಹೊಲಕ್ಕೆ ಸಾಗಿಸುವುದು, ಬಾವಿಯ ಹೂಳು ತೆಗೆಯುವುದು, ಕೂರಿಗೆ ಕುಂಟೆಗಳನ್ನು ಬಡಗಿಯಿಂದ ರಿಪೇರಿ ಮಾಡಿಸುವುದು, ಬೀಜವನ್ನು ಆರಿಸಿ ಒಣಗಿಸಿ ಬೇವಿನ ಎಲೆಯೊಡನೆ ಕಾಪಿಡುವುದು ಇವೆಲ್ಲ ಈ ಕಾಲದ ಕೆಲಸಗಳೇ. ನೀರಿನ ಆಸರೆಯಿದ್ದವರು ಬೇಸಿಗೆ ಶೇಂಗಾ ಹಾಕುತ್ತಾರೆ; ಬಾವಿಯ ಬದಿಯ ಮಡಿಗಳಲ್ಲಿ ಸವತೆ, ಹೀರೆ, ಬೆಂಡೆ, ಚವಳಿ, ಕಲ್ಲಂಗಡಿಗಳನ್ನು ಬೆಳೆಯುತ್ತಾರೆ. ಮನೆಯ ಮಾಳಿಗೆಯ ಮೇಲೆ ಹೆಣ್ಣುಮಕ್ಕಳು ಶಾವಿಗೆ, ಸಂಡಿಗೆ, ಹಪ್ಪಳಗಳನ್ನು ಒಣಹಾಕುತ್ತಾರೆ. ರೋಹಿಣಿ ಮಳೆ ಹನಿಯುವ ಹೊತ್ತಿಗೆ ಇವೆಲ್ಲ ಮುಗಿದಿರಬೇಕು; ಮೃಗಶಿರೆಗೆ ಹೆಸರು, ತೊಗರಿ, ಉದ್ದುಗಳ ಬಿತ್ತನೆ ಆರಂಭವಾಗಬೇಕು. ಇಷ್ಟು ಕೆಲಸ ಇಂಥ ಬಿಸಿಲಿನಲ್ಲಿ ನಡೆಯುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರವನ್ನು ಮೊದಲು ಬೆಳೆಯಿಂದಲೇ ಕಲಿಯಬಹುದು.

ಬೆಳೆಯೂ ಬೆವರುತ್ತದೆ

ಸಸ್ಯಗಳು ಬೇರಿನಿಂದ ಹೀರಿದ ನೀರಿನ ಬಹುಭಾಗವನ್ನು ಎಲೆಗಳ ಸೂಕ್ಷ್ಮರಂಧ್ರಗಳ ಮೂಲಕ ಆವಿಯಾಗಿ ಹೊರಗೆ ಬಿಡುತ್ತವೆ. ಇದಕ್ಕೆ ಬಾಷ್ಪವಿಸರ್ಜನೆ ಎಂದು ಹೆಸರು. ನೀರು ಆವಿಯಾಗುವಾಗ ಎಲೆಯ ತಾಪವನ್ನು ಹೀರಿಕೊಂಡು ಹೋಗುತ್ತದೆ. ಮನುಷ್ಯನ ಬೆವರು ಮಾಡುವ ಕೆಲಸವೂ ಇದೇ. ನೀರಿನ ಪೂರೈಕೆ ಕಡಿಮೆಯಾದರೆ ಎಲೆ ತನ್ನ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಆಗ ನೀರು ಉಳಿಯುತ್ತದೆ, ಆದರೆ ಎಲೆ ಕಾಯುತ್ತದೆ ಮತ್ತು ಬೆಳವಣಿಗೆ ನಿಲ್ಲುತ್ತದೆ.

ಜೋಳದ ಗಿಡ ಈ ಕಷ್ಟವನ್ನು ಹಲವು ವಿಧದಲ್ಲಿ ಎದುರಿಸುತ್ತದೆ. ಅದರ ದಂಟು ಮತ್ತು ಎಲೆಗಳ ಮೇಲೆ ಬಿಳಿಯ ಮೇಣದ ಲೇಪವಿದ್ದು ನೀರು ವ್ಯರ್ಥವಾಗುವುದನ್ನು ತಡೆಯುತ್ತದೆ. ಬಾಯಾರಿದಾಗ ಎಲೆಗಳು ಸುರುಳಿ ಸುತ್ತಿಕೊಂಡು ಬಿಸಿಲಿಗೆ ಒಡ್ಡುವ ಮೈಯನ್ನು ಕಿರಿದು ಮಾಡಿಕೊಳ್ಳುತ್ತವೆ. ಬೇರುಗಳು ಆಳಕ್ಕಿಳಿದು ಎರೆಮಣ್ಣು ಮಳೆಗಾಲದಲ್ಲಿ ಹಿಡಿದಿಟ್ಟ ತೇವವನ್ನು ಹುಡುಕುತ್ತವೆ. ತಾಳಲಾರದಷ್ಟು ಬರ ಬಂದರೆ ಗಿಡ ಬೆಳವಣಿಗೆಯನ್ನೇ ನಿಲ್ಲಿಸಿ ಕಾದಿದ್ದು, ಮಳೆ ಬಿದ್ದೊಡನೆ ಮತ್ತೆ ಚಿಗುರುತ್ತದೆ. ಮೈ ಮುಚ್ಚಿಕೊಳ್ಳುವುದು, ನೀರನ್ನು ಜೋಪಾನ ಮಾಡುವುದು, ಹೊತ್ತು ನೋಡಿ ದುಡಿಯುವುದು, ಹೊತ್ತಲ್ಲದ ಹೊತ್ತಿನಲ್ಲಿ ವಿಶ್ರಮಿಸುವುದು: ಜೋಳದ ಈ ನಾಲ್ಕು ಗುಣಗಳೇ ಒಕ್ಕಲಿಗನ ದಿನಚರಿಯಲ್ಲಿಯೂ ಕಂಡುಬರುತ್ತವೆ.

ದೇಹವು ತಾಪವನ್ನು ಕಳೆಯುವ ಬಗೆ

ಮನುಷ್ಯನ ದೇಹದ ಒಳತಾಪ ಸುಮಾರು 37 ಡಿಗ್ರಿ. ದುಡಿಮೆ ಮಾಡುವಾಗ ಸ್ನಾಯುಗಳಲ್ಲಿ ಶಾಖ ಹುಟ್ಟುತ್ತದೆ. ಹೊರಗಿನ ಗಾಳಿ ದೇಹಕ್ಕಿಂತ ತಂಪಾಗಿದ್ದರೆ ಆ ಶಾಖ ಚರ್ಮದ ಮೂಲಕ ಹೊರಗೆ ಹೋಗುತ್ತದೆ. ಆದರೆ ಗಾಳಿಯೇ 40 ಡಿಗ್ರಿಗೆ ಏರಿದಾಗ ಶಾಖವು ಹೊರಗೆ ಹೋಗುವುದರ ಬದಲು ಒಳಗೆ ಬರತೊಡಗುತ್ತದೆ. ಆಗ ದೇಹಕ್ಕೆ ಉಳಿಯುವ ಆಸರೆ ಬೆವರೊಂದೇ. ಒಂದು ಲೀಟರ್ ಬೆವರು ಪೂರ್ಣವಾಗಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖ ದೇಹದಿಂದ ಹೊರಬೀಳುತ್ತದೆ. ಬಿಸಿಲಿನಲ್ಲಿ ಕಠಿಣ ದುಡಿಮೆ ಮಾಡುವವನು ಗಂಟೆಗೆ ಒಂದು ಲೀಟರಿಗೂ ಹೆಚ್ಚು ಬೆವರು ಸುರಿಸಬಲ್ಲನು.

ಈ ಬೆವರು ರಕ್ತದ ನೀರಿನಿಂದಲೇ ಬರತಕ್ಕದ್ದು. ನೀರನ್ನು ಮರಳಿ ತುಂಬದಿದ್ದರೆ ರಕ್ತದ ಪ್ರಮಾಣ ಕುಗ್ಗುತ್ತದೆ, ಹೃದಯದ ಬಡಿತ ಏರುತ್ತದೆ, ಮೂತ್ರಪಿಂಡಗಳಿಗೆ ಹರಿಯುವ ರಕ್ತ ಕಡಿಮೆಯಾಗುತ್ತದೆ. ಮೂತ್ರವು ಗಾಢ ಹಳದಿಯಾಗಿ ಉರಿಯುತ್ತ ಹೋಗುವುದು ಇದರ ಮೊದಲ ಸೂಚನೆ. ಬೆವರಿನೊಡನೆ ಉಪ್ಪಿನ ಅಂಶವೂ ಹೋಗುವುದರಿಂದ ಗಂಟೆಗಟ್ಟಲೆ ಬೆವರಿದವನು ಬರಿಯ ನೀರನ್ನೇ ಮಿತಿಮೀರಿ ಕುಡಿಯುವುದೂ ಒಳ್ಳೆಯದಲ್ಲ. ರಕ್ತದಲ್ಲಿ ಸೋಡಿಯಂ ತಗ್ಗಿ ತಲೆನೋವು, ವಾಕರಿಕೆ, ಗೊಂದಲಗಳು ಉಂಟಾಗಬಹುದು.

ರೂಢಿ ತಪ್ಪಿದ ದೇಹ

ಬಿಸಿಲಿಗೆ ಒಗ್ಗುವುದು ಮನೋಧೈರ್ಯದ ಮಾತಷ್ಟೇ ಅಲ್ಲ, ಅದು ದೇಹದಲ್ಲಿ ನಡೆಯುವ ನಿಜವಾದ ಬದಲಾವಣೆ. ದಿನವೂ ಸ್ವಲ್ಪ ಸ್ವಲ್ಪ ಬಿಸಿಲಿನಲ್ಲಿ ದುಡಿಯುತ್ತ ಬಂದರೆ 7ರಿಂದ 14 ದಿನಗಳಲ್ಲಿ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗನೆ ಹಾಗೂ ಧಾರಾಳವಾಗಿ ಬರತೊಡಗುತ್ತದೆ, ಆ ಬೆವರಿನಲ್ಲಿ ಉಪ್ಪು ಕಡಿಮೆಯಾಗುತ್ತದೆ, ಅದೇ ಕೆಲಸಕ್ಕೆ ಹೃದಯ ಮೊದಲಿನಷ್ಟು ವೇಗವಾಗಿ ಬಡಿಯುವುದಿಲ್ಲ. ಹೊಲದಲ್ಲಿ ದುಡಿಯುವವನು ಮಾಘದಿಂದ ವೈಶಾಖದವರೆಗೆ ಬಿಸಿಲು ಏರಿದಂತೆ ಈ ಮೆಟ್ಟಿಲುಗಳನ್ನು ತಾನೂ ಏರಿರುತ್ತಾನೆ. ಆದರೆ ಕೆಲವು ವಾರಗಳ ಕಾಲ ಬಿಸಿಲಿನಿಂದ ದೂರವಿದ್ದರೆ ಈ ಗಳಿಕೆಯೆಲ್ಲ ಕರಗಿಹೋಗುತ್ತದೆ.

ಅಮೀರ್‌ಪೇಟ್‌ನ ಕಚೇರಿಯಲ್ಲಿ ಹವಾನಿಯಂತ್ರಿತ ಕೋಣೆಯೊಳಗೆ ಕುಳಿತವನು ಮೇ ತಿಂಗಳಿನ ಒಂದು ಶನಿವಾರ ಊರು ಸೇರಿ, ಭಾನುವಾರ ಗೊಬ್ಬರದ ಗಾಡಿ ಹೂಡಿದರೆ ಆಗುವ ಅನಾಹುತಕ್ಕೆ ಇದೇ ಕಾರಣ. ಹುಟ್ಟಿದ್ದು ಅದೇ ಮಣ್ಣಿನಲ್ಲಿ, ಹುಡುಗನಾಗಿದ್ದಾಗ ಅದೇ ಬಿಸಿಲಿನಲ್ಲಿ ದನ ಕಾಯ್ದದ್ದು ಎಂಬ ಹೆಮ್ಮೆ ಇಂಥ ಸಮಯದಲ್ಲಿ ಉಪಯೋಗಕ್ಕೆ ಬಾರದು. ದೇಹಕ್ಕೆ ಹುಟ್ಟೂರಿನ ಅಭಿಮಾನ ತಿಳಿಯದು. ಕಳೆದ ಎರಡು ವಾರಗಳ ಬಿಸಿಲಿನ ಲೆಕ್ಕವಷ್ಟೇ ಅದಕ್ಕೆ ತಿಳಿದಿರುವುದು. ಬಿಸಿಲಿನ ಕೆಲಸಕ್ಕೆ ಹೊಸಬನಾದವನು ಮೊದಲ ದಿನ ಪೂರ್ತಿ ಕೆಲಸದ ಐದರಲ್ಲೊಂದು ಪಾಲನ್ನು ಮಾತ್ರ ಮಾಡಿ, ದಿನಕ್ಕೆ ಅಷ್ಟಷ್ಟೇ ಹೆಚ್ಚಿಸುತ್ತ ಹೋಗಬೇಕೆಂಬುದು ಕಾರ್ಮಿಕರ ಆರೋಗ್ಯಶಾಸ್ತ್ರದಲ್ಲಿ ಒಪ್ಪಿತವಾದ ನಿಯಮ. ಎರಡು ದಿನದ ಮಟ್ಟಿಗೆ ಊರಿಗೆ ಹೋದವರು ಹೊಲವನ್ನು ನೋಡಿ, ಹಿರಿಯರೊಡನೆ ಮಾತಾಡಿ, ಬೆಳಗಿನ ಹೊತ್ತು ಕೈಲಾದ ಸಹಾಯ ಮಾಡಿ ಬರುವುದೇ ವಿವೇಕ.

ಒಕ್ಕಲಿಗನ ದಿನಚರಿ

ಹಳ್ಳಿಯ ಬೇಸಿಗೆಯ ದಿನಚರಿಯನ್ನು ಗಮನಿಸಿದರೆ ಅದರಲ್ಲಿ ಆರೋಗ್ಯಶಾಸ್ತ್ರವೇ ಅಡಗಿರುವುದು ಕಾಣುತ್ತದೆ. ಕೋಳಿ ಕೂಗುವ ಹೊತ್ತಿಗೆ ಎತ್ತುಗಳು ಹೊಲ ಸೇರುತ್ತವೆ. ಬಿಸಿಲೇರುವ ಮುನ್ನ, ಅಂದರೆ ಹತ್ತು ಗಂಟೆಯೊಳಗೆ, ನೊಗ ಇಳಿಸಲಾಗುತ್ತದೆ. ಎತ್ತಿಗೂ ಆಳಿಗೂ ಒಂದೇ ನಿಯಮ. ಮಧ್ಯಾಹ್ನ ಬೇವಿನ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿ ಉಂಡು ಮಲಗಿದವನನ್ನು ಸೋಮಾರಿಯೆಂದು ತಿಳಿಯಲಾಗದು. ನಾಲ್ಕು ಗಂಟೆಯ ನಂತರ ಮತ್ತೆ ಕೆಲಸ ಆರಂಭವಾಗಿ ಕತ್ತಲಾಗುವವರೆಗೆ ನಡೆಯುತ್ತದೆ.

ತಲೆಗೆ ಸುತ್ತಿದ ರುಮಾಲು, ತೋಳು ತುಂಬಿದ ಸಡಿಲವಾದ ಬಿಳಿಯ ಅಂಗಿ, ಧೋತರ ಇವು ಬಿಸಿಲಿಗೆ ತಕ್ಕ ಉಡುಪು. ಹತ್ತಿಯ ಬಟ್ಟೆ ಬೆವರನ್ನು ಹೀರಿ ಆವಿಯಾಗಲು ಬಿಡುತ್ತದೆ. ಮೈಗೆ ಅಂಟಿಕೊಳ್ಳುವ ಬಿಗಿಯಾದ ಕೃತಕ ನೂಲಿನ ಬಟ್ಟೆ ಬಿಡುವುದಿಲ್ಲ. ರುಮಾಲನ್ನು ನೀರಿನಲ್ಲಿ ಅದ್ದಿ ಸುತ್ತಿಕೊಂಡರೆ ಇನ್ನೂ ಹಿತ.

ನೀರನ್ನು ಬಾಯಾರುವವರೆಗೆ ಕಾಯದೆ ಕುಡಿಯತಕ್ಕದ್ದು. ಬಿಸಿಲಿನಲ್ಲಿ ದುಡಿಯುವಾಗ 15ರಿಂದ 20 ನಿಮಿಷಕ್ಕೊಮ್ಮೆ ಒಂದು ಲೋಟದಂತೆ ಕುಡಿಯುವುದು ಒಮ್ಮೆಲೇ ತಂಬಿಗೆ ಬರಿದು ಮಾಡುವುದಕ್ಕಿಂತ ಮೇಲು. ಹೆಚ್ಚು ಬೆವರಿದಾಗ ಮಜ್ಜಿಗೆಗೆ ಚಿಟಿಕೆ ಉಪ್ಪು ಹಾಕಿ ಕುಡಿಯುವ ರೂಢಿ ಶಾಸ್ತ್ರಸಮ್ಮತವಾದುದು. ನಿತ್ರಾಣ ಹೆಚ್ಚಾದರೆ ಔಷಧಿ ಅಂಗಡಿಯಲ್ಲಿ ಸಿಗುವ ಓ.ಆರ್.ಎಸ್. ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಕರಗಿಸಿ ಕೊಡಬೇಕು. ಅದು ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ತುಂಬಿದ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿದರೆ ಸಾಕು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿದಾಗ ವೈದ್ಯ ದಿಲೀಪ್ ಮಹಲನೋಬಿಸ್ ಅವರು ಇಂಥ ಸರಳ ದ್ರಾವಣದಿಂದಲೇ ಅಸಂಖ್ಯ ಜೀವಗಳನ್ನು ಉಳಿಸಿದರು. ಆದರೆ ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ರೋಗವಿದ್ದವರು ಉಪ್ಪಿನ ವಿಷಯದಲ್ಲಿ ವೈದ್ಯರ ಸಲಹೆಯನ್ನು ಮೊದಲೇ ಪಡೆದಿರಬೇಕು. ಮೂತ್ರ ಹೆಚ್ಚಿಸುವ ಮಾತ್ರೆಗಳನ್ನು ನುಂಗುವವರಿಗೆ ಬಿಸಿಲು ಬೇಗನೆ ತಾಗುತ್ತದೆ.

ಬೇಸಿಗೆಯ ಊಟ

ಈ ಸೀಮೆಯ ಬೇಸಿಗೆಯ ಊಟವೆಂದರೆ ಜೋಳದ ರೊಟ್ಟಿ, ನುಚ್ಚು ಮಜ್ಜಿಗೆ, ಅಂಬಲಿ, ಹಸಿ ಈರುಳ್ಳಿ, ಸವತೆಕಾಯಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಪುಂಡಿಪಲ್ಯವನ್ನೇ ಹೈದರಾಬಾದಿನ ಸಂತೆಯಲ್ಲಿ ಗೊಂಗೂರ ಎನ್ನುತ್ತಾರೆ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಸಸಾರಜನಕವೂ ಅಷ್ಟೇ ಪ್ರಮಾಣದ ನಾರಿನಂಶವೂ ಇವೆ. ನುಚ್ಚು, ಅಂಬಲಿಗಳಲ್ಲಿ ಧಾನ್ಯದ ಸತ್ವದೊಡನೆ ನೀರೂ ಹೊಟ್ಟೆ ಸೇರುತ್ತದೆ.

ಆದರೆ ಬರಿಯ ಜೋಳವೇ ಸಂಪೂರ್ಣ ಆಹಾರವಲ್ಲ. ಇದಕ್ಕೆ ಹೈದರಾಬಾದಿನಲ್ಲಿಯೇ ನಡೆದ ಸಂಶೋಧನೆ ಸಾಕ್ಷಿಯಾಗಿದೆ. 1918ರಲ್ಲಿ ಕೂನೂರಿನಲ್ಲಿ ಪ್ರಾರಂಭವಾಗಿ 1958ರಲ್ಲಿ ಈ ನಗರಕ್ಕೆ ಸ್ಥಳಾಂತರವಾದ ಆಹಾರ ಸಂಶೋಧನಾಲಯವೇ ಇಂದು ತಾರ್ನಾಕದಲ್ಲಿರುವ ರಾಷ್ಟ್ರೀಯ ಪೋಷಣ ಸಂಸ್ಥೆ. ಅಲ್ಲಿಯ ವಿಜ್ಞಾನಿಗಳಾದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಅವರು 1960ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಜೋಳವನ್ನೇ ನಂಬಿದ ಬಡವರಲ್ಲಿ ಕಾಣುತ್ತಿದ್ದ ಪೆಲ್ಲಾಗ್ರ ರೋಗಕ್ಕೂ ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಂಶಕ್ಕೂ ಸಂಬಂಧವನ್ನು ಸೂಚಿಸಿದರು. ಕತ್ತು, ಮುಂಗೈ, ಪಾದಗಳ ಮೇಲೆ, ಅಂದರೆ ಬಿಸಿಲು ಬೀಳುವ ಚರ್ಮದ ಮೇಲೆ, ಕಪ್ಪಾಗಿ ಸುಲಿಯುವ ಕಲೆಗಳು ಈ ರೋಗದ ಲಕ್ಷಣ. ಆಹಾರದಲ್ಲಿ ವೈವಿಧ್ಯ ಹೆಚ್ಚಿದಂತೆ ಈ ರೋಗ ಅಪರೂಪವಾಯಿತು. ರೊಟ್ಟಿಯ ಜೊತೆಗೆ ಬೇಳೆ, ಶೇಂಗಾ, ಸೊಪ್ಪು, ಹಾಲು ಮಜ್ಜಿಗೆ ಇರಲೇಬೇಕೆಂಬ ಹಿರಿಯರ ಪದ್ಧತಿಗೆ ಇದಕ್ಕಿಂತ ಬಲವಾದ ಸಮರ್ಥನೆ ಬೇಕಿಲ್ಲ.

ಹಪ್ಪಳ, ಸಂಡಿಗೆ, ಉಪ್ಪಿನಕಾಯಿಗಳು ಬೇಸಿಗೆಯ ಸಂಭ್ರಮವಾದರೂ ಉಪ್ಪಿನ ಗಣಿಗಳು. ರಕ್ತದೊತ್ತಡವಿದ್ದವರು ನಾಲಗೆಗೆ ಕಡಿವಾಣ ಹಾಕಬೇಕು. ಜೇಬಿನಲ್ಲಿ ಈರುಳ್ಳಿ ಇಟ್ಟುಕೊಂಡರೆ ಬಿಸಿಲು ಬಡಿಯದೆಂಬ ನಂಬಿಕೆ ಎರಡೂ ರಾಜ್ಯಗಳಲ್ಲಿ ಇದೆ. ಈರುಳ್ಳಿ ಜೇಬಿನಲ್ಲಿದ್ದು ಮಾಡುವ ಉಪಕಾರವೇನೂ ಇಲ್ಲ. ತಟ್ಟೆಯಲ್ಲಿದ್ದರೆ ಊಟಕ್ಕೆ ರುಚಿ. ಆ ಜೇಬಿನ ಭರವಸೆಯಿಂದ ನೀರಿನ ಮಡಕೆಯನ್ನು ಮನೆಯಲ್ಲಿಯೇ ಬಿಟ್ಟು ಹೋಗುವುದು ಮಾತ್ರ ಅಪಾಯ.

ಬಿಸಿಲು ಬಡಿದಾಗ

ತೆಲುಗಿನಲ್ಲಿ ವಡದೆಬ್ಬ, ಕನ್ನಡದಲ್ಲಿ ಬಿಸಿಲು ಬಡಿಯುವುದು ಎನ್ನುವ ಅವಸ್ಥೆಗೆ ಎರಡು ಹಂತಗಳುಂಟು. ಮೊದಲನೆಯದು ಬಳಲಿಕೆ. ಧಾರಾಳ ಬೆವರು, ತಲೆ ಸುತ್ತು, ವಾಕರಿಕೆ, ಕಾಲುಗಳಲ್ಲಿ ಸೆಳೆತ ಇದರ ಲಕ್ಷಣಗಳು. ರೋಗಿ ಎಚ್ಚರವಾಗಿದ್ದು ಸರಿಯಾಗಿ ಮಾತಾಡುತ್ತಾನೆ. ನೆರಳಿಗೆ ಕರೆದೊಯ್ದು, ಮಲಗಿಸಿ, ಕಾಲುಗಳನ್ನು ತುಸು ಎತ್ತರದಲ್ಲಿಟ್ಟು, ಉಪ್ಪು ಸಕ್ಕರೆಯ ನೀರನ್ನು ಗುಟುಕು ಗುಟುಕಾಗಿ ಕುಡಿಸಿದರೆ ಚೇತರಿಸಿಕೊಳ್ಳುತ್ತಾನೆ. ಅಂದಿನ ದಿನ ಅವನು ಮತ್ತೆ ಕೆಲಸಕ್ಕೆ ಇಳಿಯಕೂಡದು.

ಎರಡನೆಯದು ಉಷ್ಣಾಘಾತ. ಇದರಲ್ಲಿ ದೇಹದ ಒಳತಾಪ 40 ಡಿಗ್ರಿಯನ್ನು ಮೀರುತ್ತದೆ ಮತ್ತು ಮಿದುಳಿಗೆ ಪೆಟ್ಟು ಬೀಳುತ್ತದೆ. ಅಸಂಬದ್ಧ ಮಾತು, ತೂರಾಡುವುದು, ಸಿಡಿಮಿಡಿ, ಸೆಟೆತ, ಪ್ರಜ್ಞೆ ತಪ್ಪುವುದು ಇದರ ಗುರುತುಗಳು. ಮೈ ಒಣಗಿದ್ದರೆ ಮಾತ್ರ ಉಷ್ಣಾಘಾತವೆಂಬ ತಿಳಿವಳಿಕೆ ತಪ್ಪು. ದುಡಿಯುತ್ತಿದ್ದವನಿಗೆ ಬೆವರು ಇದ್ದಾಗಲೂ ಇದು ಸಂಭವಿಸುತ್ತದೆ. ಬಿಸಿಲಿನಲ್ಲಿದ್ದವನ ಮಾತು ತಪ್ಪಿತೆಂದರೆ ಇದೇ ಎಂದು ತಿಳಿದು ಕೂಡಲೇ ಕಾರ್ಯಪ್ರವೃತ್ತರಾಗಬೇಕು. ಪ್ರತಿ ನಿಮಿಷವೂ ಅಮೂಲ್ಯ. ಒಬ್ಬರು 108ಕ್ಕೆ ಫೋನ್ ಮಾಡಬೇಕು. ಈ ಸಂಖ್ಯೆ ಕರ್ನಾಟಕದಲ್ಲಿಯೂ ತೆಲಂಗಾಣದಲ್ಲಿಯೂ ಒಂದೇ. ಉಳಿದವರು ರೋಗಿಯನ್ನು ನೆರಳಿಗೆ ತಂದು, ಮೇಲಿನ ಬಟ್ಟೆ ಸಡಿಲಿಸಿ, ಮೈತುಂಬ ನೀರು ಸುರಿದು ಜೋರಾಗಿ ಗಾಳಿ ಬೀಸಬೇಕು. ಮಂಜುಗಡ್ಡೆ ಸಿಕ್ಕರೆ ಕತ್ತು, ಕಂಕುಳು, ತೊಡೆಸಂದುಗಳಲ್ಲಿ ಇಡಬೇಕು. ವಾಹನ ಬರುವವರೆಗೂ, ವಾಹನದೊಳಗೂ ತಂಪು ಮಾಡುವುದನ್ನು ನಿಲ್ಲಿಸಕೂಡದು. ಪ್ರಜ್ಞೆ ಸರಿಯಿಲ್ಲದವನ ಬಾಯಿಗೆ ನೀರು ಹಾಕಿದರೆ ಅದು ಶ್ವಾಸನಾಳಕ್ಕೆ ಇಳಿಯುವ ಭಯವುಂಟು. ಜ್ವರದ ಮಾತ್ರೆಗಳು ಈ ತಾಪವನ್ನು ಇಳಿಸಲಾರವು.

ಹೊಲದ ಇತರ ಅಪಾಯಗಳು

ತರಕಾರಿಯ ಮಡಿಗಳಿಗೆ ಕೀಟನಾಶಕ ಸಿಂಪಡಿಸುವ ಕೆಲಸವನ್ನು ಬಿಸಿಲಿನಲ್ಲಿ ಮಾಡಕೂಡದು. ಬೆವರಿದ, ಬಿಸಿಯಾದ ಚರ್ಮ ವಿಷವನ್ನು ಹೆಚ್ಚಾಗಿ ಹೀರುತ್ತದೆ. ಬಿಸಿಲಿನ ಬಳಲಿಕೆಯೆಂದು ತೋರುವ ವಾಕರಿಕೆ, ವಿಪರೀತ ಬೆವರುಗಳ ಜೊತೆಗೆ ಬಾಯಲ್ಲಿ ಜೊಲ್ಲು, ಕಣ್ಣಪಾಪೆ ಕಿರಿದಾಗುವುದು, ಮಂಜು ಮಂಜಾಗಿ ಕಾಣುವುದು ಇದ್ದರೆ ಅದು ವಿಷದ ಪರಿಣಾಮವಿರಬಹುದು. ಬಟ್ಟೆ ಕಳಚಿ, ಸಾಬೂನಿನಿಂದ ಮೈ ತೊಳೆದು, ಔಷಧಿಯ ಡಬ್ಬಿಯ ಚೀಟಿಯೊಡನೆ ಆಸ್ಪತ್ರೆಗೆ ಒಯ್ಯಬೇಕು.

ಬೇಸಿಗೆಯಲ್ಲಿ ಚೇಳುಗಳ ಹಾವಳಿ ಹೆಚ್ಚು. ಕಲ್ಲಿನ ರಾಶಿ, ಕುಳ್ಳಿನ ಒಟ್ಟಲು, ಬಣವೆಯ ಬುಡ ಅವುಗಳ ವಾಸಸ್ಥಾನ. ಮಹಾರಾಷ್ಟ್ರದ ಮಹಾಡದಲ್ಲಿ ಗ್ರಾಮೀಣ ವೈದ್ಯರಾಗಿದ್ದ ಹಿಮ್ಮತರಾವ್ ಬಾವಸ್ಕರ್ ಅವರು ಕೆಂಪು ಚೇಳಿನ ವಿಷ ಹೃದಯವನ್ನು ಕೆಡಿಸುವ ಬಗೆಯನ್ನು ಅಭ್ಯಸಿಸಿ, ಪ್ರಾಜೊಸಿನ್ ಎಂಬ ಔಷಧಿಯಿಂದ ಸಾವನ್ನು ತಡೆಯಬಹುದೆಂದು ತೋರಿಸಿಕೊಟ್ಟರು. ಆದ್ದರಿಂದ, ವಿಶೇಷವಾಗಿ ಮಕ್ಕಳಿಗೆ ಚೇಳು ಕುಟುಕಿದರೆ, ಮಂತ್ರ ಹಾಕಿಸುತ್ತ ಕಾಲ ಕಳೆಯದೆ ಆಸ್ಪತ್ರೆಗೆ ಕರೆದೊಯ್ಯುವುದು ಕ್ಷೇಮ. ಪಟ್ಟಣದಿಂದ ಹೋದ ಮಕ್ಕಳು ಬರಿಗಾಲಿನಲ್ಲಿ ಕಣದ ಸುತ್ತ ಆಡುವುದನ್ನು ತಡೆಯಬೇಕು. ರಾತ್ರಿ ಹೊರಗೆ ಹೋಗುವಾಗ ಬ್ಯಾಟರಿ ದೀಪ ಕೈಯಲ್ಲಿರಬೇಕು.

ಮಾಳಿಗೆಯ ಮೇಲೊಂದು ಮಡಿ

ಹೊಲದ ನಂಟನ್ನು ವರ್ಷಕ್ಕೆರಡು ದಿನದ ಮಟ್ಟಿಗೆ ಸೀಮಿತಗೊಳಿಸದೆ ಅಮೀರ್‌ಪೇಟ್‌ನ ಮಾಳಿಗೆಯ ಮೇಲೆಯೂ ಉಳಿಸಿಕೊಳ್ಳಬಹುದು. ಹತ್ತು ಕುಂಡಗಳು ಅಥವಾ ಗೋಣಿಚೀಲಗಳು, ಕೆಮ್ಮಣ್ಣಿಗೆ ಸಮಪಾಲು ಚೆನ್ನಾಗಿ ಕಳಿತ ಗೊಬ್ಬರ, ಸ್ವಲ್ಪ ಬೇವಿನ ಹಿಂಡಿ ಇಷ್ಟಿದ್ದರೆ ಸಾಕು. ಬೆಂಡೆ ಸುಮಾರು 50 ದಿನಗಳಲ್ಲಿ ಕಾಯಿ ಬಿಡುತ್ತದೆ. ಪುಂಡಿ, ರಾಜಗಿರಿ, ಚವಳಿಗಳು ಬಿಸಿಲನ್ನು ತಾಳುತ್ತವೆ. ಮೆಂತ್ಯ, ಕೊತ್ತಂಬರಿಗಳಿಗೆ ಮಧ್ಯಾಹ್ನದ ನೆರಳು ಬೇಕು. ಬುಡಕ್ಕೆ ಒಣ ಎಲೆಗಳನ್ನು ಹೊದಿಸಿ, ಬೆಳಗು ಇಲ್ಲವೆ ಸಂಜೆ ನೀರುಣಿಸಬೇಕು. ಕುಂಡದ ಕೆಳಗಿನ ತಟ್ಟೆಗಳಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆ ತಪ್ಪದೆ ಚೆಲ್ಲಬೇಕು. ಇಲ್ಲವಾದರೆ ಡೆಂಗ್ಯೂ ಹರಡುವ ಸೊಳ್ಳೆಗಳು ಅಲ್ಲಿಯೇ ಸಂಸಾರ ಹೂಡುತ್ತವೆ. ಬೆಳಗಿನ ಎಳೆಬಿಸಿಲಿನಲ್ಲಿ ಅರ್ಧ ಗಂಟೆ ಗಿಡಗಳ ನಡುವೆ ಬೆವರು ಹರಿಸಿದರೆ ಮೈಗೆ ವ್ಯಾಯಾಮ, ಅಡಿಗೆಗೆ ತಾಜಾ ಪಲ್ಯ, ಮಕ್ಕಳಿಗೆ ಬೀಜ ಮೊಳೆಯುವ ಪಾಠ ಮೂರೂ ಒಟ್ಟಿಗೆ ದೊರೆಯುತ್ತವೆ.

ಬಿಸಿಲು ಒಕ್ಕಲಿಗನಿಗೆ ಶತ್ರುವಲ್ಲ. ಅದು ಕಳೆಯನ್ನು ಒಣಗಿಸುತ್ತದೆ, ಕಾಳನ್ನು ಕಾಪಾಡುತ್ತದೆ, ಮೋಡವನ್ನು ಕರೆಯುತ್ತದೆ. ಅದರ ಎದುರಿಗೆ ಹೊತ್ತರಿತು ನಡೆಯುವುದನ್ನು ಹಳ್ಳಿಯ ಹಿರಿಯರು ಬಲ್ಲರು. ಊರಿಗೆ ಹೋಗುವ ನಗರವಾಸಿಯು ಆ ಹಿರಿಯರು ನೊಗ ಇಳಿಸಿದಾಗ ತಾನೂ ನೆರಳು ಸೇರಿ, ಅವರು ಕೊಟ್ಟ ಮಜ್ಜಿಗೆಯನ್ನು ಬೇಡವೆನ್ನದೆ ಕುಡಿದರೆ, ಮಕ್ಕಳ ರಜೆ ಮುಗಿಯುವ ಹೊತ್ತಿಗೆ ಮನೆಮಂದಿಯೆಲ್ಲ ಕ್ಷೇಮವಾಗಿ ಮರಳಿ ಬರುವರು.